ಮಲೆನಾಡಿನಲ್ಲೊಂದು ಮನೆಯ ಕನಸು

ಭಾನುವಾರ ಸಂಜೆ ಸಾಗರ, ತೀರ್ಥಹಳ್ಳಿ, ಶೃಂಗೇರಿ, ಮೂಡಿಗೆರೆ ಕಡೆಯಿಂದ ಹೊರಟ ಕಾರುಗಳು ನೆಲಮಂಗಲ ಮುಟ್ಟುವ ಹೊತ್ತಿಗೆ ಕತ್ತಲಾಗಿರುತ್ತದೆ. ಎರಡು ದಿನದ ಹೋಂಸ್ಟೇ ಮುಗಿದಿದೆ. ಡಿಕ್ಕಿಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ಒಂದು ಪೊಟ್ಟಣ ಕಾಳುಮೆಣಸು. ಹಿಂದಿನ ಸೀಟಿನಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋಗಿದ್ದಾರೆ. ಮುಂದೆ ಲಾರಿಗಳ ಸಾಲು ಅಲುಗಾಡುತ್ತಿಲ್ಲ. ಆಗ ಮುಂದಿನ ಸೀಟಿನಲ್ಲಿ ಯಾರಾದರೊಬ್ಬರು ಆ ಮಾತು ತೆಗೆಯುತ್ತಾರೆ: 'ಅಲ್ಲೇ ಒಂದೆರಡು ಎಕರೆ ತಗೊಂಡು ಇದ್ದುಬಿಟ್ಟರೆ ಹೇಗೆ?'

ಮನೆ ಸೇರುವುದರೊಳಗೆ ಮೊಬೈಲಿನಲ್ಲಿ ಹುಡುಕಾಟ ಶುರುವಾಗಿರುತ್ತದೆ. ಹೆಂಚಿನ ಮನೆ, ಮುಂದೆ ಅಂಗಳ, ಪಕ್ಕದಲ್ಲಿ ಹಳ್ಳ, ಹಿಂದೆ ಗುಡ್ಡ. ಜಗುಲಿಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಕೆಲಸ, ಕೈಯಲ್ಲಿ ಬಿಸಿ ಕಾಫಿ, ಹೊರಗೆ ಮಳೆ. ನಗರದಲ್ಲಿ ದುಡಿಯುವ ಲಕ್ಷಾಂತರ ಜನರ ತಲೆಯಲ್ಲಿ ಸ್ವಲ್ಪ ಹೆಚ್ಚುಕಡಿಮೆ ಇದೇ ಚಿತ್ರವಿದೆ. ಈ ಕನಸನ್ನು ತಳ್ಳಿಹಾಕಬೇಕಾಗಿಲ್ಲ. ಆದರೆ ಅದರಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಕೂತು ನೋಡುವುದು ಒಳ್ಳೆಯದು. ಏಕೆಂದರೆ ಈ ಕನಸು ಈಗ ಬರೀ ಕನಸಾಗಿ ಉಳಿದಿಲ್ಲ. ಅದರ ಹಿಂದೆ ದುಡ್ಡಿದೆ, ಆ ದುಡ್ಡು ಹಳ್ಳಿಗಳನ್ನು ಬದಲಿಸುತ್ತಿದೆ.

ಈ ಚಿತ್ರ ಬಂದದ್ದೆಲ್ಲಿಂದ?

ಮಲೆನಾಡನ್ನು ಕನ್ನಡಿಗರು ಕಣ್ಣಿಗಿಂತ ಮೊದಲು ಓದಿನಲ್ಲಿ ಕಂಡವರು. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' 1936ರಲ್ಲಿ, 'ಮಲೆಗಳಲ್ಲಿ ಮದುಮಗಳು' 1967ರಲ್ಲಿ ಬಂದವು. ಪೂರ್ಣಚಂದ್ರ ತೇಜಸ್ವಿಯವರು ಮೈಸೂರು ಬಿಟ್ಟು ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡು 2007ರಲ್ಲಿ ತೀರಿಕೊಳ್ಳುವವರೆಗೂ ಆ ಸೀಮೆಯಲ್ಲೇ ಇದ್ದದ್ದು ಎರಡು ತಲೆಮಾರಿನ ಓದುಗರಿಗೆ ದೊಡ್ಡ ಆಸೆಯನ್ನೇ ಹುಟ್ಟಿಸಿತು. ಶಂಕರ್‌ನಾಗ್ ಅವರು 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ ಆಗುಂಬೆಯ ದೊಡ್ಡಮನೆಗೆ ಈಗಲೂ ಜನ ಹುಡುಕಿಕೊಂಡು ಹೋಗುತ್ತಾರೆ. 2006ರ 'ಮುಂಗಾರು ಮಳೆ'ಯ ನಂತರ ಸಕಲೇಶಪುರ, ಜೋಗದ ದಾರಿಗಳಲ್ಲಿ ಮಳೆಗಾಲವೇ ಪ್ರವಾಸದ ಕಾಲವಾಯಿತು. ಮಡಿಕೇರಿ ಹತ್ತಿರದ ಮಾಂದಲಪಟ್ಟಿಯನ್ನು ಪ್ರವಾಸಿಗರು 'ಗಾಳಿಪಟ' ಚಿತ್ರದ ಕಾಲ್ಪನಿಕ ಊರಿನ ಹೆಸರಿನಿಂದ ಮುಗಿಲುಪೇಟೆ ಎಂದೇ ಕರೆಯತೊಡಗಿದರು.

ಶಿವರಾಮ ಕಾರಂತರ 'ಬೆಟ್ಟದ ಜೀವ'ವನ್ನು (1943) ಇಲ್ಲಿ ನೆನೆಯಲೇಬೇಕು. ಕುಮಾರಪರ್ವತದ ಬುಡದ ಕಾಡು, ಗೋಪಾಲಯ್ಯನವರ ಉಪಚಾರ, ತೋಟ ಎಬ್ಬಿಸುವ ಹಟ ಇವೆಲ್ಲ ಓದಿದವರ ಮನಸ್ಸಿನಲ್ಲಿ ನಿಂತಿವೆ. ಆದರೆ ಆ ಕಾದಂಬರಿಯ ಒಳಗಿರುವ ನೋವು ಬೇರೆ. ಆ ದಂಪತಿಯ ಮಗ ಮನೆ ಬಿಟ್ಟು ಹೋಗಿದ್ದಾನೆ. ಅಷ್ಟು ಚೆಂದದ ಜಾಗದಲ್ಲಿ ಇಬ್ಬರು ಮುದುಕರು ಮಗನಿಗಾಗಿ ಕಾಯುತ್ತಿದ್ದಾರೆ. ಎಂಬತ್ತು ವರ್ಷಗಳ ಬಳಿಕವೂ ಮಲೆನಾಡಿನ ಎಷ್ಟೋ ಮನೆಗಳ ಸ್ಥಿತಿ ಅದೇ. ನಾವು ಮಾತ್ರ ಬೆಟ್ಟವನ್ನು ನೆನಪಿಟ್ಟುಕೊಂಡು ಮಗನನ್ನು ಮರೆತಿದ್ದೇವೆ.

ಮನಸ್ಸು ಮಾಡುವ ಆಯ್ಕೆ

ದೂರದ ಊರನ್ನು ನೆನೆದಾಗ ಮನಸ್ಸು ಅಲ್ಲಿನ ಇಡೀ ದಿನವನ್ನು ಕಟ್ಟಿಕೊಡುವುದಿಲ್ಲ. ಎದ್ದು ಕಾಣುವ ಒಂದೆರಡು ಸಂಗತಿಗಳನ್ನಷ್ಟೇ ಆರಿಸಿ ಮುಂದಿಡುತ್ತದೆ. 1998ರಲ್ಲಿ ಡೇವಿಡ್ ಶ್ಕಾಡೆ ಮತ್ತು ಡೇನಿಯಲ್ ಕಾನ್ಮನ್ ಎಂಬ ಸಂಶೋಧಕರು ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದರು. ಒಳ್ಳೆಯ ಹವೆಗೆ ಹೆಸರಾದ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳನ್ನೂ ಚಳಿ ಕಚ್ಚುವ ಮಧ್ಯಪಶ್ಚಿಮ ರಾಜ್ಯಗಳ ವಿದ್ಯಾರ್ಥಿಗಳನ್ನೂ ಕೇಳಿದರು: ಯಾವ ಕಡೆಯವರು ಹೆಚ್ಚು ಸುಖಿಗಳು? ಎರಡೂ ಕಡೆಯವರು ಕ್ಯಾಲಿಫೋರ್ನಿಯಾದವರೇ ಎಂದರು. ತಮ್ಮ ತಮ್ಮ ಬದುಕಿನ ಬಗ್ಗೆ ಎಷ್ಟು ತೃಪ್ತಿಯಿದೆ ಎಂದು ಕೇಳಿದಾಗ ಮಾತ್ರ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದೂರದಿಂದ ನೋಡುವವರಿಗೆ ಹವೆ ಕಾಣುತ್ತದೆ. ಅಲ್ಲೇ ಇರುವವರ ದಿನ ಕೆಲಸ, ಮನೆ, ಆರೋಗ್ಯ, ನೆಂಟರಿಷ್ಟರ ನಡುವೆ ಕಳೆಯುತ್ತದೆ. ಆಕಾಶದ ಕಡೆ ಗಮನ ಹೋಗುವುದು ಕಡಿಮೆ.

ಮಲೆನಾಡಿನ ಕನಸಿಗೂ ಇದು ಅನ್ವಯಿಸುತ್ತದೆ. ನಾವು ಅಲ್ಲಿಗೆ ಹೋಗುವುದು ರಜೆಯಲ್ಲಿ, ಊಟಕ್ಕೆ ಇನ್ನೊಬ್ಬರು ಎಲೆ ಹಾಕುವ ಮನೆಗೆ. ಆ ಎರಡು ದಿನದ ನೆಮ್ಮದಿಯಲ್ಲಿ ಊರಿನ ಪಾಲೆಷ್ಟು, ರಜೆಯ ಪಾಲೆಷ್ಟು ಎಂದು ಬಿಡಿಸಿ ನೋಡುವುದಿಲ್ಲ.

ಇನ್ನೊಂದು ಸಂಗತಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಗೇಬ್ರಿಯಲ್ ಓಟಿಂಗೆನ್ ಹಗಲುಗನಸುಗಳ ಬಗ್ಗೆ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಸುಖದ ಕಲ್ಪನೆಯಲ್ಲೇ ಮುಳುಗಿದವರಿಗೆ ಕೆಲಸಕ್ಕೆ ಇಳಿಯುವ ಹುರುಪು ತಗ್ಗುತ್ತದೆ, ಬೇಕಾದದ್ದನ್ನೂ ಅದಕ್ಕಿರುವ ಅಡ್ಡಿಯನ್ನೂ ಜೊತೆಗಿಟ್ಟು ನೋಡಿದವರು ಮುಂದೆ ಹೆಜ್ಜೆ ಇಡುತ್ತಾರೆ ಅಥವಾ ಆಗದ ಆಸೆಯನ್ನು ಹೊತ್ತಿಗೆ ಸರಿಯಾಗಿ ಬಿಡುತ್ತಾರೆ ಎಂಬುದು ಅವರು ಕಂಡುಕೊಂಡ ವಿಷಯ. ಆದ್ದರಿಂದ ಈಗ ಅಡ್ಡಿಗಳ ಕಡೆ ನೋಡೋಣ.

ಮಳೆ ಎಂದರೆ ನಾಲ್ಕು ತಿಂಗಳು

ಬೆಂಗಳೂರಿಗೆ ವರ್ಷವಿಡೀ ಸುರಿಯುವುದು 1,000 ಮಿ.ಮೀ. ಆಸುಪಾಸಿನ ಮಳೆ. ಆಗುಂಬೆಯಲ್ಲಿ ವರ್ಷದ ಸರಾಸರಿ 7,000 ಮಿ.ಮೀ. ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಈ ಅಂಕಿ ಮನೆಯೊಳಗೆ ಹೇಗಿರುತ್ತದೆ ಎಂಬುದು ಜುಲೈನಲ್ಲಿ ಅಲ್ಲಿದ್ದವರಿಗೇ ಗೊತ್ತು. ಬಟ್ಟೆ ಒಣಗುವುದು ಬಚ್ಚಲ ಒಲೆಯ ಮೇಲೆ ಕಟ್ಟಿದ ಗಳದಲ್ಲಿ. ಒಣಗಿದರೂ ಹೊಗೆಯ ವಾಸನೆ ಬಿಡುವುದಿಲ್ಲ. ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲದರ ಮೇಲೂ ಬೂಸ್ಟು. ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣವನ್ನು ಒಲೆಯ ಪಕ್ಕ ಇಟ್ಟು ಕಾಪಾಡಬೇಕು. ತೋಟಕ್ಕೆ ಇಳಿದು ಬಂದರೆ ಕಾಲ್ಬೆರಳ ಸಂದಿಯಲ್ಲಿ ಇಂಬಳ.

ಈ ನಾಲ್ಕು ತಿಂಗಳಿಗೆ ತಯಾರಿ ಶುರುವಾಗುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಕಟ್ಟಿಗೆ ಒಡೆದು ಒಟ್ಟಬೇಕು. ಕೊಟ್ಟಿಗೆಗೆ ಹಾಸಲು ದರಗು ಗುಡಿಸಿ ತರಬೇಕು. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಡಬ್ಬ ತುಂಬಬೇಕು. ಹೆಂಚು ಕೈಯಾಡಿಸಿ ಒಡೆದದ್ದು ಬದಲಿಸಬೇಕು. ಮಳೆ ಜಗುಲಿಗೆ ಎರಚದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ಇಷ್ಟಾದ ಮೇಲೆ ಮೊದಲ ದೊಡ್ಡ ಗಾಳಿಗೆ ಮರವೊಂದು ತಂತಿಯ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ. ಲೈನ್‌ಮನ್ ಒಬ್ಬರೇ, ಅವರಿಗೆ ನೋಡಿಕೊಳ್ಳಲು ಹತ್ತಾರು ಊರು. ಕರೆಂಟಿಲ್ಲದಿದ್ದರೆ ಟವರ್ ಇಲ್ಲ, ಟವರ್ ಇಲ್ಲದಿದ್ದರೆ ಜಗುಲಿಯ ಲ್ಯಾಪ್‌ಟಾಪ್‌ಗೆ ಕೆಲಸವಿಲ್ಲ.

2021ರ ಮಳೆಗಾಲದಲ್ಲಿ ಸುಳ್ಯ ತಾಲ್ಲೂಕಿನ ಹಳ್ಳಿಯೊಂದರ ಫೋಟೊ ದೇಶದ ತುಂಬ ಓಡಾಡಿತು: ರಸ್ತೆ ಬದಿಯಲ್ಲಿ ಮಗಳು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾರೆ. ಆ ವರ್ಷಗಳಲ್ಲೇ ಮಲೆನಾಡಿನ ಊರುಗಳಲ್ಲಿ 'ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ' ಎಂಬ ಬ್ಯಾನರ್‌ಗಳು ಎದ್ದವು. ಈಗ ಕೆಲವು ಕಡೆ ಟವರ್ ಬಂದಿದೆ, ಫೈಬರ್ ಬಂದಿದೆ. ಗುಡ್ಡದ ಒಂದು ಮಗ್ಗುಲಿಗೆ ಸಿಗುವ ಸಿಗ್ನಲ್ ಇನ್ನೊಂದು ಮಗ್ಗುಲಿಗೆ ಇಲ್ಲದಿರುವುದು ಮಾತ್ರ ಬದಲಾಗಿಲ್ಲ.

ದೂರ ಅಂದರೆ ಎಷ್ಟು ದೂರ

ಸಾಗರ ತಾಲ್ಲೂಕಿನ ತುಮರಿಯ ಕಡೆ ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಕಣಿವೆ ತುಂಬಿಕೊಂಡಾಗ ಊರುಗಳು, ಗದ್ದೆಗಳು, ತೋಟಗಳು ನೀರಿನಡಿ ಹೋದವು. ಆಚೆ ದಡದಲ್ಲಿ ಉಳಿದ ತುಮರಿ ಸುತ್ತಲಿನವರಿಗೆ ತಾಲ್ಲೂಕು ಕೇಂದ್ರದ ಹತ್ತಿರದ ದಾರಿಯೇ ಕಡಿದುಹೋಯಿತು. ನಾಡಿಗೆಲ್ಲ ಕರೆಂಟ್ ಕೊಡಲು ನೆಲ ಬಿಟ್ಟವರು ಅವರು. ಅವರ ಓಡಾಟಕ್ಕೆ ದಶಕಗಳ ಕಾಲ ಇದ್ದದ್ದು ಹೊಳೆಬಾಗಿಲಿನ ಲಾಂಚ್.

ಪ್ರವಾಸಿಗರಿಗೆ ಆ ಲಾಂಚ್ ಪ್ರಯಾಣವೇ ಒಂದು ಸೊಗಸಾಗಿತ್ತು. ಸುತ್ತ ಹಿನ್ನೀರು, ನಡುವೆ ತಲೆ ಎತ್ತಿದ ಗುಡ್ಡದ ತುದಿಗಳು, ಆಚೆ ಸಿಗಂದೂರು ಚೌಡೇಶ್ವರಿ ದೇವಸ್ಥಾನ. ಆದರೆ ಸಂಜೆಯ ಕೊನೆಯ ಲಾಂಚ್ ಹೋದಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆನೋವು ಕಾಣಿಸಿಕೊಂಡರೆ ಕಾಡಿನ ರಸ್ತೆಯಲ್ಲಿ ಹೊಸನಗರದ ಕಡೆಯಿಂದ ಸುತ್ತಿ ಬರಬೇಕಾಗುತ್ತಿತ್ತು. ಕೆಲವು ಬೇಸಿಗೆಗಳಲ್ಲಿ ನೀರು ಇಳಿದು ಲಾಂಚ್‌ಗೆ ವಾಹನ ಹತ್ತಿಸುವುದೇ ನಿಂತುಹೋಗುತ್ತಿತ್ತು. ಕೊನೆಗೂ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ ಕಟ್ಟಿ 2025ರ ಜುಲೈ 14ರಂದು ಸಂಚಾರಕ್ಕೆ ಬಿಟ್ಟರು. ಅಣೆಕಟ್ಟಾಗಿ ಅರುವತ್ತೊಂದು ವರ್ಷಗಳ ಮೇಲೆ.

ತುಮರಿಗೆ ಸೇತುವೆಯಾಯಿತು. ಹಳ್ಳ ದಾಟಲು ಅಡಿಕೆ ಮರದ ದಬ್ಬೆ ಕಟ್ಟಿದ ಕಾಲುಸಂಕವನ್ನೇ ನಂಬಿರುವ ಮನೆಗಳು ಘಟ್ಟದ ಮೇಲೂ ಕೆಳಗೂ ಇನ್ನೂ ಇವೆ. 2022ರಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಫೋಟೊದಲ್ಲಿ ಕಾಲುಸಂಕ ಚೆಂದವಾಗಿಯೇ ಕಾಣುತ್ತದೆ. ಮಕ್ಕಳು ಅದರ ಮೇಲೆ ನಡೆದು ಶಾಲೆಗೆ ಹೋಗಬೇಕಾದ ಊರಿನಲ್ಲಿ ಆ ಚೆಂದವನ್ನು ಹೊಗಳಲು ನನಗೆ ಬಾಯಿ ಬರುವುದಿಲ್ಲ.

ಕಾಯಿಲೆಯ ವಿಷಯದಲ್ಲಿ ಇನ್ನೊಂದು ಮಾತು. ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗು ಕಚ್ಚುವುದರಿಂದ ಹರಡುವ ಈ ಜ್ವರ 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನೇ ತೆಗೆದುಕೊಂಡಿತು. ಡಿಸೆಂಬರ್‌ನಿಂದ ಮೇ ತನಕ, ಅಂದರೆ ಪ್ರವಾಸಿಗರು ಕಾಡು ಸುತ್ತಲು ಹಿತವೆನಿಸುವ ಕಾಲದಲ್ಲೇ, ಇದರ ಕಾಟ ಹೆಚ್ಚು. ದರಗು ತರಲು, ಕಟ್ಟಿಗೆಗೆ, ದನ ಹುಡುಕಲು ಕಾಡಿಗೆ ಹೋಗಲೇಬೇಕಾದವರು ಮೈಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕೆಂಬುದು ಅಲ್ಲಿನ ಮಕ್ಕಳಿಗೂ ಗೊತ್ತು.

ತೋಟ ನೋಡಲು ಚೆಂದ, ಮಾಡಲು ಜನ ಬೇಕು

ಕನಸಿನಲ್ಲಿ ಅಡಿಕೆ ತೋಟ ತಂಪಾಗಿ ನಿಂತಿರುತ್ತದೆ, ಕೆಲಸ ಕೇಳುವುದಿಲ್ಲ. ನಿಜದ ತೋಟ ವರ್ಷವಿಡೀ ಕೇಳುತ್ತದೆ. ಕೊಳೆರೋಗವನ್ನೇ ತೆಗೆದುಕೊಳ್ಳಿ. ಮಳೆ ಹಿಡಿದ ತೋಟದಲ್ಲಿ ಎಳೆಗಾಯಿ ಕೊಳೆತು ಉದುರುವ ಈ ರೋಗಕ್ಕೆ ತಲೆಮಾರುಗಳಿಂದ ನಂಬಿಕೊಂಡಿರುವುದು ಬೋರ್ಡೋ ದ್ರಾವಣವನ್ನು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಹದ ನೋಡಲು ಕಬ್ಬಿಣದ ಕತ್ತಿಯ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಂದು ಸಲ ಹೊಡೆಯಬೇಕು. ಎರಡನೆಯದು ಆಷಾಢದ ನಡುವೆ ಬರುತ್ತದೆ. ಮಳೆ ಹೊಳವಾಗುವುದನ್ನೇ ಕಾಯಬೇಕು, ಹೊಳವಾದ ದಿನವೇ ಆಳು ಸಿಗಬೇಕು.

ಆಳು ಅಂದರೆ ಯಾರಾದರೂ ಆಗುವುದಿಲ್ಲ. ಕಾಲಿಗೆ ತಳೆ ಹಾಕಿಕೊಂಡು ನುಣುಪಾದ ಮರ ಹತ್ತಿ, ತುದಿಯಲ್ಲೇ ಬಾಗಿ ಪಕ್ಕದ ಮರ ಹಿಡಿದು ದಾಟುವ ಕೊನೆಗಾರರೇ ಆಗಬೇಕು. ಅವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅವರ ಮಕ್ಕಳು ಆ ಅಪಾಯದ ಕೆಲಸಕ್ಕೆ ಬರುತ್ತಿಲ್ಲ, ಬರಬೇಕೆಂದು ಬಯಸುವ ಹಕ್ಕೂ ನಮಗಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಿಂದಲೇ ಔಷಧಿ ಹೊಡೆಯುವ, ಕೊನೆ ಇಳಿಸುವ ಯುವಕರ ತಂಡಗಳು ಹುಟ್ಟಿಕೊಂಡಿವೆ. ಇದೇ ಹೊತ್ತಿಗೆ ಎಲೆಚುಕ್ಕೆ ರೋಗ ಹೊಸ ಭಯ ತಂದಿದೆ. ಶೃಂಗೇರಿ, ಕೊಪ್ಪ ಭಾಗದಲ್ಲಿ ಹಳದಿ ಎಲೆ ರೋಗ ತೋಟಗಳನ್ನೇ ಬರಿದು ಮಾಡಿದೆ. ಮಂಗ, ಹಂದಿ, ಕಾಡುಕೋಣಗಳ ಕಾಟಕ್ಕೆ ಐಬೆಕ್ಸ್ ವಿದ್ಯುತ್ ಬೇಲಿ ಹಾಕಿದರೂ ಪೂರ್ತಿ ನೆಮ್ಮದಿಯಿಲ್ಲ. ಹೊಸ ಸಸಿ ನೆಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು.

ಇಷ್ಟೆಲ್ಲ ಇದ್ದೂ ಆ ಬದುಕು ಇಷ್ಟು ಕಾಲ ನಡೆದದ್ದು ಒಬ್ಬರಿಗೊಬ್ಬರು ಆಗುವುದರಿಂದ. ಮಲೆನಾಡಿನ ಮನೆಗಳು ಬಯಲುಸೀಮೆಯಂತೆ ಒತ್ತೊತ್ತಾಗಿಲ್ಲ, ಒಂದೊಂದು ಗುಡ್ಡದ ಮಗ್ಗುಲಿಗೆ ಒಂದೊಂದು. ಆದರೂ ನೆಟ್ಟಿಗೆ, ಅಡಿಕೆ ಸುಲಿಯಲು, ಮದುವೆಗೆ, ಸಾವಿಗೆ ಜನ ಕರೆಯದೆ ಬರುತ್ತಿದ್ದರು. ಇಂದು ನಿಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ನೀವು ಎನ್ನುವ ಮುಯ್ಯಾಳಿನ ಲೆಕ್ಕ ಬಾಯಿಮಾತಿನಲ್ಲೇ ನಡೆಯುತ್ತಿತ್ತು. ಕಾಲುಸಂಕ ಕಟ್ಟುವುದು, ಅಬ್ಬಿ ನೀರಿನ ಕಾಲುವೆ ಬಿಡಿಸುವುದು, ರೋಗಿಯನ್ನು ಕಂಬಳಿಯಲ್ಲಿ ಹೊತ್ತು ರಸ್ತೆ ಮುಟ್ಟಿಸುವುದು ಒಂದು ಮನೆಯಿಂದ ಆಗುವ ಕೆಲಸಗಳಲ್ಲ. ಹೋಂಸ್ಟೇಗೆ ಬಂದವರ ಕಣ್ಣಿಗೆ ಇದು ಬೀಳುವುದಿಲ್ಲ. ಆ ಹಳ್ಳಿಯಲ್ಲಿ ಇರಲು ಸಾಧ್ಯವಾಗುವುದು ಮಾತ್ರ ಇದರಿಂದಲೇ. ಬೇಲಿಯೊಳಗೆ ಒಬ್ಬರೇ ಇರುತ್ತೇವೆಂದು ಹೊರಟವರು ಮೊದಲ ಮಳೆಗಾಲಕ್ಕೇ ಸೋಲುವುದು ಈ ಕಾರಣಕ್ಕೆ.

ಕಾಗದಪತ್ರದ ಕಾಡು

ಮೊದಲು ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು 1961ರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳ ಅಡ್ಡಿಯಿತ್ತು. 2020ರ ತಿದ್ದುಪಡಿ ಆ ಕಲಮುಗಳನ್ನು ತೆಗೆದುಹಾಕಿತು. ಕೋವಿಡ್ ಕಾಲದಲ್ಲಿ ಮನೆಯಿಂದಲೇ ಕೆಲಸ ಶುರುವಾದದ್ದೂ ಅದೇ ವರ್ಷ. ನಗರದ ದುಡ್ಡು ಘಟ್ಟ ಹತ್ತಲು ಎರಡೂ ದಾರಿ ಮಾಡಿಕೊಟ್ಟವು.

ಕಾಯ್ದೆ ಸಡಿಲವಾಯಿತೆಂದು ಎಲ್ಲ ನೆಲವೂ ಕೊಳ್ಳುವ ನೆಲವಲ್ಲ. ತೋಟಕ್ಕೆ ಹೊಂದಿಕೊಂಡ ಸೊಪ್ಪಿನಬೆಟ್ಟ ಕಣ್ಣಿಗೆ ಆ ಮನೆಯದೇ ಅನ್ನಿಸುತ್ತದೆ. ತೋಟದವರಿಗೆ ಅಲ್ಲಿರುವುದು ಸೊಪ್ಪು, ದರಗು ತರುವಂಥ ಹಕ್ಕು, ಒಡೆತನವಲ್ಲ. ದಕ್ಷಿಣ ಕನ್ನಡದ ಕುಮ್ಕಿ ಜಮೀನೂ ಹಾಗೆಯೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಬಗರ್‌ಹುಕುಂ ಜಮೀನಿನ ಮಂಜೂರಾತಿ ಷರತ್ತು ಓದಬೇಕು. ಪಹಣಿಯಲ್ಲಿ ಎಷ್ಟು ಹೆಸರುಗಳಿವೆ, ಪೋಡಿ ಆಗಿದೆಯೇ, ಜಮೀನಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಇದೆಯೇ ಎಂದು ನೋಡಬೇಕು. ಮನೆಗೆ ಹೋಗುವ ದಾರಿ ಯಾರ ಸರ್ವೆ ನಂಬರಿನಲ್ಲಿ ಹಾದಿದೆ ಎಂಬುದನ್ನು ಮಾತ್ರ ಮರೆಯಲೇಬೇಡಿ.

ಇಲ್ಲಿ ಮನಸ್ಸು ಕಲಕುವ ಸಂಗತಿ ಒಂದಿದೆ. ಬೆಂಗಳೂರಿನವರು ವಕೀಲರನ್ನಿಟ್ಟು ಕೆಲವೇ ತಿಂಗಳಲ್ಲಿ ಎರಡು ಎಕರೆಯ ಒಡೆಯರಾಗಬಹುದು. ಶರಾವತಿಯಲ್ಲಿ ಊರು ಮುಳುಗಿ ಕಾಡಿನ ನೆಲಕ್ಕೆ ಬಂದು ಕೂತ ಕುಟುಂಬಗಳ ಮೂರನೆಯ ತಲೆಮಾರು ತಾನಿರುವ ಜಾಗದ ಹಕ್ಕಿಗಾಗಿ ಇನ್ನೂ ಮೆರವಣಿಗೆ ಮಾಡುತ್ತಿದೆ.

ಕನಸು ಕೊಂಡುಕೊಂಡಾಗ

ಹೊರಗಿನವರು ಬಂದರೆ ಊರಿಗೆ ನಷ್ಟವೇ ಎಂದು ಹೇಳಲಾಗದು. ಮಕ್ಕಳು ಬೆಂಗಳೂರು, ಅಮೆರಿಕ ಸೇರಿದ ಮನೆಗಳಲ್ಲಿ ವಯಸ್ಸಾದವರಿಗೆ ತೋಟ ಮಾರುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ತೋಟ ಮಾಡಿಕೊಂಡಿರುವ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲವೆಂಬ ಮಾತು ಶಿರಸಿ, ಸಾಗರದ ಮನೆಮನೆಯಲ್ಲಿದೆ. ಒಳ್ಳೆಯ ಬೆಲೆ ಸಿಕ್ಕಿದರೆ ಅದು ಅವರ ಮುಪ್ಪಿನ ಆಸರೆ.

ತೊಂದರೆ ಬರುವುದು ಕೊಂಡವರು ಅಲ್ಲಿ ಇರದಿದ್ದಾಗ. ಗೇಟಿಗೆ ಬೀಗ, ಸುತ್ತ ತಂತಿಬೇಲಿ. ತಲೆತಲಾಂತರದಿಂದ ಶಾಲೆಗೂ ಹಾಲಿನ ಡೇರಿಗೂ ಹೋಗುತ್ತಿದ್ದ ಕಾಲುದಾರಿ ಬೇಲಿಯೊಳಗೆ ಸೇರುತ್ತದೆ. ಮೇಲಿನ ತೋಟದವರು ಕೊಳವೆಬಾವಿ ತೋಡಿಸಿದರೆ ಕೆಳಗಿನ ಮನೆಯ ಅಬ್ಬಿ ನೀರು ಬತ್ತಬಹುದು. ಎಕರೆಯ ಬೆಲೆ ಏರಿ, ಅದೇ ಊರಿನ ಕೂಲಿಯವರ ಮಗ ನಾಲ್ಕು ಗುಂಟೆ ಕೊಳ್ಳುವುದೂ ಆಗದ ಮಾತಾಗುತ್ತದೆ. ನೋಟವನ್ನು ಹಣ ಕೊಟ್ಟು ಕೊಳ್ಳಬಹುದು, ಆ ನೋಟವನ್ನು ಉಳಿಸಿಕೊಂಡು ಬಂದವರ ಜೊತೆ ಬದುಕದೆ ಅದು ಹೆಚ್ಚು ದಿನ ಉಳಿಯುವುದಿಲ್ಲ ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕಾದ ಮಾತು.

ಹೊರಗಿನ ಪ್ರಪಂಚವನ್ನು ಹಳ್ಳಿಗೆ ತಂದೂ ಹಳ್ಳಿಯನ್ನು ಹಳ್ಳಿಯಾಗಿಯೇ ಉಳಿಸಿಕೊಂಡ ಉದಾಹರಣೆ ಇದೇ ಸಾಗರ ತಾಲ್ಲೂಕಿನಲ್ಲಿದೆ. ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, ಅಡಿಕೆ ಬೆಳೆಗಾರರಾಗಿದ್ದ ಕೆ.ವಿ. ಸುಬ್ಬಣ್ಣ ಅವರ ಮುಂದಾಳತ್ವದಲ್ಲಿ ನಾಟಕ, ಸಿನಿಮಾ, ಸಾಹಿತ್ಯವನ್ನು ತೋಟದ ನಡುವಿಗೆ ತಂದಿತು. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ರಂಗಕರ್ಮಿ ಪ್ರಸನ್ನ ಅದೇ ಊರಿನ ಬಳಿ ನೆಲೆಸಿ 'ಚರಕ' ಸಹಕಾರ ಸಂಘದ ಮೂಲಕ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳಿಗೆ ಕೈಮಗ್ಗದ ಕೆಲಸ ಕೊಡುವುದರಲ್ಲಿ ತೊಡಗಿದರು.

ಹೋಗುವ ಮನಸ್ಸಿದ್ದರೆ

ಹಾಗಿದ್ದರೆ ಹೋಗಿ. ಆದರೆ ಡಿಸೆಂಬರ್ ರಜೆಯಲ್ಲಿ ಬೇಡ, ಆಷಾಢದಲ್ಲಿ ಹೋಗಿ. ಮಲೆನಾಡಿನ ಊರೂರಲ್ಲಿ ಬೀಗ ಹಾಕಿದ ಗಟ್ಟಿಮುಟ್ಟು ಮನೆಗಳಿವೆ. ಒಂದು ಮಳೆಗಾಲಕ್ಕೆ ಬಾಡಿಗೆಗೆ ಕೇಳಿ. ಹತ್ತಿರದ ಆಸ್ಪತ್ರೆಗೆ ರಾತ್ರಿ ಹೊತ್ತು ಒಮ್ಮೆ ಹೋಗಿ ಬನ್ನಿ. ಅಕ್ಕಪಕ್ಕದವರು ಅಡಿಕೆ ಸುಲಿಯುವಾಗ ಹೋಗಿ ಕೂರಿ, ಕೈಗೆ ಚೊಗರು ಹತ್ತಲಿ. ಸೊಸೈಟಿಯ ಸಭೆಗೆ, ಗ್ರಾಮಸಭೆಗೆ ಹೋಗಿ ಊರವರ ಮಾತು ಕೇಳಿ. ನಿಮಗೆ ಗೊತ್ತಿರುವ ವಿದ್ಯೆ ಊರಿಗೆ ಏನು ಕೊಡಬಹುದು ಎಂದು ಅವರನ್ನೇ ಕೇಳಿ. ಖರೀದಿಯ ಮಾತು ಅದಾದ ಮೇಲೆ.

ಪುಟ್ಟ ಮಕ್ಕಳಿದ್ದರೆ ಆ ಊರಿನ ಸರ್ಕಾರಿ ಶಾಲೆಗೇ ಸೇರಿಸಿ. ಮಲೆನಾಡಿನ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಈಗ ಹತ್ತು ಮಕ್ಕಳೂ ಇಲ್ಲ. ಇನ್ನಿಬ್ಬರು ಸೇರಿದರೆ ಅಲ್ಲಿನ ಬಾಗಿಲು ಒಂದಷ್ಟು ವರ್ಷ ತೆರೆದಿರುತ್ತದೆ.